ಹೋದ ವರ್ಷದ ಅಳತೆ

ಕೋವಿಯ ಬೋಲ್ಟ್ ಮುಚ್ಚಲಿಲ್ಲ.

ಯೋರುನ್ ಅದನ್ನು ಹಿಂದಕ್ಕೆಳೆದು, ಒಳಗಿದ್ದ ಅಳತೆಯ ತೋಟಾವನ್ನು ತೆಗೆದು ಕಿಟಕಿಯ ಬೆಳಕಿಗೆ ಹಿಡಿದಳು. ಮದ್ದಿಲ್ಲದ, ಕೇಪಿಲ್ಲದ ತೋಟಾ ಅದು. ಹಿತ್ತಾಳೆಯ ಚಿಪ್ಪಿನ ಬಾಯಿಗೆ ಗುಂಡು ಕೂರಿಸಿದ್ದು, ಅಷ್ಟೆ. ಹೋದ ಆಗಸ್ಟಿನಲ್ಲಿ ಅವಳೇ ಮಾಡಿದ್ದು. ಆಗ ಇದೇ ಕೋವಿಯಲ್ಲಿ, ತೋಟಾವನ್ನು ಒಳಗೆ ದೂಡಿ ಮುಚ್ಚುವ ಆ ಬೋಲ್ಟ್ ಬೆರಳ ತುದಿಯ ಒತ್ತಿಗೇ ಮುಚ್ಚಿಕೊಂಡಿತ್ತು. ಈಗ ಅರ್ಧದಲ್ಲಿ ಗಟ್ಟಿಯಾಗಿ ನಿಂತುಬಿಡುತ್ತಿದೆ.

ಪ್ರತಿ ಆಗಸ್ಟಿನಲ್ಲೂ ಅಪ್ಪನ ಕೋವಿಯನ್ನು ಅಳೆಯುವುದು ಅವಳ ಕೆಲಸ. ನಳಿಗೆಯ ಒಳಗೆ ಗುಂಡನ್ನು ತಿರುಗಿಸುವ ಸುರುಳಿ ಏಣುಗಳಿರುತ್ತವೆ. ಅವು ಶುರುವಾಗುವ ಮೊದಲು ಸ್ವಲ್ಪ ನುಣುಪಾದ ಜಾಗ. ಅದಕ್ಕೆ ಗಂಟಲು ಎನ್ನುತ್ತಾರೆ. ತೋಟಾದ ಗುಂಡು ಆ ಏಣುಗಳಿಗೆ ತಾಗಿಯೂ ತಾಗದ ಹಾಗೆ, ಕೂದಲೆಳೆಯಷ್ಟು ಹಿಂದೆ ಕುಳಿತರೆ ಹೊಡೆತ ನೇರವಾಗಿ ಹೋಗುತ್ತದೆ. ಆದರೆ ಪ್ರತಿ ಹೊಡೆತದ ಬೆಂಕಿಯೂ ಗಂಟಲನ್ನು ಒಂದಿಷ್ಟು ಸುಟ್ಟು ಏಣುಗಳನ್ನು ಮುಂದಕ್ಕೆ ತಳ್ಳುತ್ತದೆ. ಹಾಗಾಗಿ ವರ್ಷ ವರ್ಷಕ್ಕೂ ತೋಟಾ ಚೂರು ಉದ್ದವಾಗಬೇಕು. ಅಪ್ಪ ಬೇಟೆಗಿಂತ ಹೆಚ್ಚಾಗಿ ಪಂದ್ಯಗಳಲ್ಲಿ ಆ ನಳಿಗೆಯನ್ನು ಸುಟ್ಟಿದ್ದ. ಅವನ ಅಳತೆಯ ತೋಟಾಗಳು ಕಿಟಕಿಯ ಹಲಗೆಯ ಮೇಲೆ ಸಾಲಾಗಿ ನಿಂತಿದ್ದವು. ಒಂದಕ್ಕಿಂತ ಒಂದು ಎತ್ತರ, ಬೆಳೆಯುವ ಮಕ್ಕಳ ಹಾಗೆ.

ಅವಳು ಹೊಸ ಗುಂಡೊಂದನ್ನು ಮೇಣದ ಬತ್ತಿಯ ಹೊಗೆಗೆ ಹಿಡಿದು ಕಪ್ಪು ಮಾಡಿದಳು. ಬಾಯಿ ಸೀಳಿದ ಚಿಪ್ಪಿಗೆ ಸಡಿಲವಾಗಿ ಸಿಕ್ಕಿಸಿ ಒಳಗಿಟ್ಟು, ಬೋಲ್ಟನ್ನು ಮೆಲ್ಲಗೆ ದೂಡಿ, ಮತ್ತೆ ಹೊರಗೆಳೆದಳು. ಕಪ್ಪಿನ ಮೇಲೆ ಏಣುಗಳು ಕಚ್ಚಿದ ಬಿಳಿ ಗುರುತು ಎದ್ದಿತ್ತು. ಗುಂಡಿನ ತುದಿ ಎಂದೂ ಒಂದೇ ಸಮ ಇರುವುದಿಲ್ಲ, ಅದನ್ನು ನಂಬಿ ಅಳೆಯಬಾರದು. ಏಣು ಕಚ್ಚುವ ಹೆಗಲಿನಿಂದ ಅಳೆಯಬೇಕು. ಹೆಗಲಿಗೆ ಕೂರುವ ತೂತಿನ ಉಕ್ಕಿನ ಬಿಲ್ಲೆಯನ್ನು ಹಾಕಿ, ಕ್ಯಾಲಿಪರಿನ ದವಡೆಯಲ್ಲಿ ಹಿಡಿದಳು. ಹೋದ ವರ್ಷಕ್ಕಿಂತ ಸುಮಾರು ಎರಡು ಮಿಲಿಮೀಟರ್ ಕಡಿಮೆ.

ಮತ್ತೊಮ್ಮೆ ಅಳೆದಳು. ಕೈ ಒರೆಸಿಕೊಂಡು ಇನ್ನೊಮ್ಮೆ ಅಳೆದಳು. ಗಂಟಲಲ್ಲಿ ಕಿಟ್ಟ ಕಟ್ಟಿರಬೇಕು ಎಂದುಕೊಂಡು ಎಣ್ಣೆ ಹಚ್ಚಿದ ಬಟ್ಟೆಯನ್ನು ಕಡ್ಡಿಗೆ ಸುತ್ತಿ ನಳಿಗೆಯ ಉದ್ದಕ್ಕೂ ಎಳೆದಳು. ಬಟ್ಟೆ ಬೆಳ್ಳಗೇ ಹೊರಬಂತು. ಅಷ್ಟು ವರ್ಷ ಹೊಡೆದ ನಳಿಗೆಯಿಂದ ಬಿಳಿ ಬಟ್ಟೆ ಬಿಳಿಯಾಗಿ ಬರುವುದುಂಟೇ?

ಸುಟ್ಟುಹೋದ ಗಂಟಲು ಮತ್ತೆ ಬೆಳೆಯುವುದಿಲ್ಲ. ಇದು ಅಪ್ಪನ ನಳಿಗೆಯಲ್ಲ.

ಆ ಕೋವಿಯ ನಳಿಗೆಯನ್ನು ಎರಡು ತಿರುಪು ಬಿಚ್ಚಿದರೆ ತೆಗೆಯಬಹುದು, ಬೇರೆಯದನ್ನು ಹಾಕಬಹುದು. ಈ ತಿಂಗಳ ಮೊದಲ ಶನಿವಾರ ಅಪ್ಪ ಗಡಿ ದಾಟಿ ಸ್ವೀಡನ್ನಿಗೆ ಹೋಗಿದ್ದ. ಎಲ್ಲರ ಹಾಗೆ ಅಗ್ಗದ ಬೇಕನ್ ತರಲು ಎಂದು ಹೇಳಿ ಹೋಗಿದ್ದ. ಸಂಜೆ ಬಂದಾಗ ಬೇಕನ್ ಇರಲಿಲ್ಲ. ಅವಳು ಕೇಳಿರಲಿಲ್ಲ. ಅವಳು ಏನನ್ನೂ ಕೇಳುವವಳಲ್ಲ, ನೋಡುವವಳು.

ಈವತ್ತು ಬೆಳಿಗ್ಗೆ ಅವನು ಬ್ರೆಡ್ಡಿಗೆ ಕಂದು ಚೀಸ್ ಹಚ್ಚುತ್ತ ಹೇಳಿದ್ದೂ ಈಗ ಬೇರೆಯಾಗಿ ಕೇಳಿಸಿತು.

“ಭಾನುವಾರದ ಗುರಿ ಪರೀಕ್ಷೆಗೆ ತೋಟಾ ಬೇಕು. ಈ ಸಲ ಅಳೆಯೋದು ಗಿಳೆಯೋದು ಏನೂ ಬೇಡ. ಹೋದ ವರ್ಷದ ಹಾಗೇ ಮಾಡ್ಕೊಡು ಸಾಕು.”

“ಗಂಟಲು ಇನ್ನಷ್ಟು ಸುಟ್ಟಿರುತ್ತಲ್ಲ ಅಪ್ಪ?”

“ಆ ಕ್ಯಾಲಿಪರ್ ನಿನ್ನ ಕೈಗೆ ಕೊಟ್ಟಿದ್ದೇ ತಪ್ಪಾಯ್ತು ನೋಡು. ಬಿಟ್ರೆ ಹೇನಿನ ಕಾಲೂ ಅಳೀತೀಯ. ಹೇಳಿದಷ್ಟು ಮಾಡು.”

ಕ್ಯಾಲಿಪರ್ ಕೊಟ್ಟವನು ಅಪ್ಪನಲ್ಲ, ಚಿಕ್ಕಪ್ಪ ಅಸ್ಲಾಕ್. ತೋಟಾ ತುಂಬುವುದನ್ನು ಕಲಿಸಿದವನೂ ಅವನೇ. ಅಪ್ಪ ಹಾಲ್ವರ್‌ಗೆ ಹೊಡೆಯುವುದು ಗೊತ್ತು. ತೋಟಾದ ಉದ್ದವೆಂದರೆ ಅವನ ಮಟ್ಟಿಗೆ ತೋಟಾದ ಉದ್ದ, ಅದಕ್ಕೂ ನಳಿಗೆಗೂ ಏನು ನಂಟು ಎಂದು ಅವನು ಯಾವತ್ತೂ ತಲೆ ಕೆಡಿಸಿಕೊಂಡವನಲ್ಲ. ಅಳೆದರೆ ನಳಿಗೆ ಬೇರೆಯೆಂದು ಗೊತ್ತಾದೀತು ಎಂದಷ್ಟೇ ಹೊಳೆದಿರಬೇಕು.

ಹೋದ ಶರತ್ಕಾಲದಲ್ಲಿ ಮೂಸ್ ಕಡವೆಯ ಬೇಟೆ ಶುರುವಾದ ವಾರ, ದಟ್ಟ ಮಂಜಿನ ಬೆಳಿಗ್ಗೆ, ಊರಿನ ಬೋರ್ಗಿಲ್ಡ್ ಅಜ್ಜಿ ಗುಂಡು ತಗಲಿ ಸತ್ತಿದ್ದಳು. ಜೌಗಿನ ಅಂಚಿನಲ್ಲಿ ಕೆಂಪು ಲಿಂಗಾನ್ ಹಣ್ಣು ಕೀಳುತ್ತಿದ್ದವಳು ಬಕೆಟ್ಟಿನ ಮೇಲೇ ಮಗುಚಿಬಿದ್ದಿದ್ದಳು. ಆ ಹೊತ್ತಿಗೆ ಅಲ್ಲಿ ಕೋವಿ ಹೊಡೆದವರು ಇಬ್ಬರು, ಅಣ್ಣ ತಮ್ಮ. ಇಬ್ಬರ ಕೋವಿಗೂ ಒಂದೇ ಅಳತೆಯ ಗುಂಡು. ಇಬ್ಬರ ತೋಟಾಗಳನ್ನೂ ತುಂಬಿದವಳು ಯೋರುನ್. ಗುಂಡು ಅಜ್ಜಿಯ ದೇಹ ಹಾದು ಎಲ್ಲಿಗೋ ಹೋಗಿತ್ತು, ಸಿಗಲಿಲ್ಲ. ಅಸ್ಲಾಕ್ ಮೊಣಕಾಲೂರಿ ಕುಳಿತು “ನಂದೇ ಇರಬೇಕು” ಎಂದ. ಹಾಲ್ವರ್ ಏನೂ ಹೇಳಲಿಲ್ಲ. ಹಿಮ ಬೀಳುವ ಮೊದಲೇ ಅಸ್ಲಾಕ್ ತನ್ನ ಕೋವಿಯನ್ನು ಕೊಟ್ಟಿಗೆಯಲ್ಲಿ ಗ್ಯಾಸ್ ಬೆಂಕಿ ಹಿಡಿದು ಕರಗಿಸಿಬಿಟ್ಟ. ಅದನ್ನು ನೋಡುವುದೂ ಆಗಿರಲಿಲ್ಲ ಅವನಿಗೆ. ಊರಿನವರು ಅದಕ್ಕೂ ಅರ್ಥ ಹಚ್ಚಿದರು.

ಈ ಬೇಸಿಗೆಯಲ್ಲಿ, ಜುಲೈ ತಿಂಗಳು, ಸಾಮಿಲ್ಲಿನ ಗರಗಸಕ್ಕೆ ಸ್ಪ್ರೂಸ್ ಮರದ ದಿಮ್ಮಿಯೊಳಗೆ ಗುಂಡು ಸಿಕ್ಕಿತು. ದಿಮ್ಮಿ ಆ ಜೌಗಿನ ಅಂಚಿನದು. ಪ್ರತಿ ನಳಿಗೆಯ ಏಣೂ ಗುಂಡಿನ ಮೇಲೆ ತನ್ನದೇ ಗುರುತು ಬಿಡುತ್ತದೆ, ಆ ಗುರುತು ಮಾಸಿರಲಿಲ್ಲ. ಸೋಮವಾರ ಬಂದು ಹಾಲ್ವರ್‌ನ ಕೋವಿಯನ್ನು ಓಸ್ಲೋಗೆ ಒಯ್ಯುತ್ತೇವೆ ಎಂದು ಪೊಲೀಸರು ಹೇಳಿದ್ದರು. ಆ ಕೋವಿಯ ಗುರುತು ಹೊಂದದಿದ್ದರೆ ಉಳಿದವನು ಒಬ್ಬನೇ. ಅವನ ಕೋವಿ ಇಲ್ಲ, ತನ್ನದಲ್ಲ ಎಂದು ತೋರಿಸುವ ದಾರಿಯೂ ಇಲ್ಲ.

ರಾತ್ರಿಯೂಟಕ್ಕೆ ಮೀನಿನ ವಡೆ, ಬೇಯಿಸಿದ ಆಲೂಗಡ್ಡೆ. ಯೋರುನ್ ತಟ್ಟೆ ನೋಡುತ್ತಲೇ ಕೇಳಿದಳು.

“ಸೋಮವಾರ ಅವರು ಬಂದ್ರೆ ಏನಾಗುತ್ತೆ ಅಪ್ಪ?”

“ಏನಾಗುತ್ತೆ? ತಗೊಂಡ್ ಹೋಗ್ತಾರೆ, ನೋಡ್ತಾರೆ, ನಂದಲ್ಲ ಅಂತ ವಾಪಸ್ ಕೊಡ್ತಾರೆ.”

“ಹಂಗಾದ್ರೆ ಚಿಕ್ಕಪ್ಪಂದು ಅಂತಾಗುತ್ತೆ.”

“ಅವನೇ ಒಪ್ಕೊಂಡಾಗಿದೆಯಲ್ಲ,” ಹಾಲ್ವರ್ ಆಲೂಗಡ್ಡೆಯ ಸಿಪ್ಪೆಯನ್ನು ಹರಿಯದ ಹಾಗೆ ಒಂದೇ ಎಳೆಯಾಗಿ ಸುಲಿಯುತ್ತಿದ್ದ. “ಹೆಂಡ್ತಿ ಇಲ್ಲ, ಮಕ್ಕಳಿಲ್ಲ. ಜನ ಆಡೋದೂ ಆಡಿ ಮುಗಿಸಿದಾರೆ. ಇನ್ನು ಕಳ್ಕೊಳ್ಳೋಕೆ ಏನಿದೆ ಅವನ ಹತ್ರ?”

ಸಿಪ್ಪೆಯನ್ನು ತಟ್ಟೆಯ ಅಂಚಿಗೆ ಒಪ್ಪವಾಗಿ ಇಟ್ಟು ತಲೆಯೆತ್ತಿದ.

“ಅಳೆದ್ಯಾ?”

“ಇಲ್ಲ,” ಎಂದಳು ಯೋರುನ್.

ಅವನು ಅವಳ ಮುಖವನ್ನೇ ನೋಡುತ್ತ ಅಗಿದ. ಅಗಿಯುವುದು ಮುಗಿದ ಮೇಲೂ ನೋಡುತ್ತಿದ್ದ. “ಒಳ್ಳೇದು,” ಎಂದ ಕೊನೆಗೆ.

ಶುಕ್ರವಾರ ಅವಳು ಒತ್ತುಯಂತ್ರದ ಮುಂದೆ ಕುಳಿತಳು. ಚಿಪ್ಪಿಗೆ ಕೇಪು ಕೂರಿಸಿ, ಮದ್ದು ತೂಗಿ ಹಾಕಿ, ಗುಂಡು ಇಡುವುದು ಕೈಗೆ ರೂಢಿ. ಎಷ್ಟು ಆಳಕ್ಕೆ ಗುಂಡು ಇಳಿಯಬೇಕೆಂಬುದನ್ನು ನಿಲ್ಲಿಸುವುದು ಯಂತ್ರದ ತಲೆಯ ಮೇಲಿನ ಒಂದು ತಿರುಪು. ಅದನ್ನು ಚೂರು ಬಲಕ್ಕೆ ತಿರುಗಿಸಿದರೆ ತೋಟಾ ಗಿಡ್ಡವಾಗುತ್ತದೆ, ಹೊಸ ನಳಿಗೆಗೆ ಸರಿಯಾಗಿ ಕೂರುತ್ತದೆ. ಭಾನುವಾರ ಅಪ್ಪ ಹೊಡೆದು ಗೆದ್ದು ಬರುತ್ತಾನೆ. ಸೋಮವಾರ ಪೊಲೀಸರು ಬರುತ್ತಾರೆ. ಯಾರಿಗೂ ಯಾವತ್ತೂ ಗೊತ್ತಾಗುವುದಿಲ್ಲ. ತಿರುಪಿನ ಮೇಲೆ ಬೆರಳಿಟ್ಟು ಅವಳು ಬಹಳ ಹೊತ್ತು ಕುಳಿತಳು. ಹೊರಗೆ ಅಪ್ಪ ಸೌದೆ ಒಡೆಯುತ್ತಿದ್ದ. ಕೊಡಲಿ ಬೀಳುವ ಸದ್ದು ನಿಂತಾಗಲೆಲ್ಲ ಅವನು ಕಿಟಕಿಯ ಕಡೆ ನೋಡುತ್ತಿದ್ದಾನೆ ಎನ್ನಿಸುತ್ತಿತ್ತು.

ಅವಳು ತಿರುಪನ್ನು ಮುಟ್ಟದೆ ಬಿಟ್ಟಳು. ಅವನೇ ಹೇಳಿದ್ದಲ್ಲವೇ, ಹೋದ ವರ್ಷದ ಹಾಗೇ ಎಂದು. ಬೋಲ್ಟ್ ಮುಚ್ಚದೆ ನಿಲ್ಲುತ್ತದೆ, ನಾಲ್ಕು ಜನ ಬಂದು ನೋಡುತ್ತಾರೆ, ನೋಡಿದವರಿಗೆ ತಿಳಿಯುತ್ತದೆ. ತಾನು ಬಾಯಿ ತೆರೆಯಬೇಕಾಗಿಲ್ಲ. ಹೀಗೆಂದು ಲೆಕ್ಕ ಹಾಕಿದಳು. ಆದರೆ ಲೆಕ್ಕ ಹಾಕಿದ್ದು ತನ್ನ ಕೈಯ ಬಲದಲ್ಲಿ. ಅಪ್ಪನ ಕೈ ನೆನಪಿಗೆ ಬರಲಿಲ್ಲ.

ಭಾನುವಾರ ಗುಂಡಿನ ಮೈದಾನದಲ್ಲಿ ಊರಿನ ಬೇಟೆಗಾರರೆಲ್ಲ ಸೇರಿದ್ದರು. ನೂರು ಮೀಟರ್ ಆಚೆ ಹಲಗೆಯ ಕಡವೆ, ಅದಕ್ಕೆ ಐದು ಗುಂಡು. ಅದು ತಪ್ಪಿದರೆ ಆ ವರ್ಷ ಕಾಡಿಗಿಳಿಯುವ ಹಾಗಿಲ್ಲ. ಗುಡಿಸಲಿನ ಕಿಟಕಿಯಲ್ಲಿ ಅಸ್ಲಾಕ್ ವಾಫಲ್ ಸುಡುತ್ತಿದ್ದ. ಯಾರೂ ಜೊತೆಗೆ ಬೇಟೆಗೆ ಕರೆಯದವನಿಗೆ ಆ ಕೆಲಸ ಕೊಟ್ಟಿದ್ದರು. ಜನ ಬಂದು, ಅವನ ಕೈಯನ್ನಷ್ಟೇ ನೋಡಿ, ತಟ್ಟೆ ತೆಗೆದುಕೊಂಡು ಹೋಗುತ್ತಿದ್ದರು.

“ಜಾಮ್ ಹಾಕ್ಲಾ ಮಗಳೇ? ಸ್ಟ್ರಾಬೆರಿ ಒಂದೇ ಇರೋದು.” ಲಿಂಗಾನ್ ಜಾಮನ್ನು ಅವನು ಈಗ ಮುಟ್ಟುತ್ತಿರಲಿಲ್ಲ.

“ಹಾಕು ಚಿಕ್ಕಪ್ಪ.”

“ಮುಖ ಯಾಕೆ ಹಿಟ್ಟು ಬಳ್ದಂಗಿದೆ?”

“ನಿದ್ದೆ ಬಂದಿಲ್ಲ.”

“ಸರಿಹೋಯ್ತು, ವಂಶದ ರೋಗ,” ಅವನು ನಕ್ಕ. ಆಮೇಲೆ ಸ್ವರ ತಗ್ಗಿಸಿದ. “ನಾಳೆ ಒಂದು ಕಳೆದ್ರೆ ಸಾಕು ನೋಡು. ಆ ಗುಂಡು ನಂದೇ ಅಂತ ಪೊಲೀಸರು ಹೇಳ್ಬಿಡ್ಲಿ. ಮಂಚದ ಮೇಲೆ ಕೂತು ‘ನಂದಾ ಅಲ್ವಾ’ ಅಂತ ಬೆಳಗು ಮಾಡೋದಕ್ಕಿಂತ ಜೈಲೇ ವಾಸಿ. ಅಲ್ಲಿ ಊಟನಾದ್ರೂ ಬೇರೆಯವ್ರು ಮಾಡ್ತಾರೆ.”

ಯೋರುನ್ ಬಾಯಿ ತೆರೆದಳು. ಆಗಲೇ ಹಿಂದಿನಿಂದ ಅಪ್ಪನ ದನಿ ಬಂತು. “ಯೋರುನ್, ದುರ್ಬೀನು ತಗೊಂಡ್ ಬಾ. ನನ್ನ ಸರದಿ.”

ಮೈದಾನದ ಉಸ್ತುವಾರಿ ಮುದುಕ ಎಂಬ್ರಿಕ್. ಹಾಲ್ವರ್ ಚಾಪೆಯ ಮೇಲೆ ಬೋರಲು ಮಲಗುತ್ತಿದ್ದಂತೆ ಅವನು ಸುಮ್ಮನಿರಲಿಲ್ಲ.

“ವಯಸ್ಸಾಯ್ತಪ್ಪ ಹಾಲ್ವರ್, ಎದೆಗೆ ಬೀಳ್ದಿದ್ರೆ ಬಾಲಕ್ಕಾದ್ರೂ ಹೊಡಿ.”

“ಕಡವೆಗೆ ಬಾಲ ಎಲ್ಲಿದ್ಯೋ ಮುದುಕಾ?”

“ಅದಕ್ಕೇ ಹೇಳಿದ್ದು, ತಪ್ಪಿದ್ರೂ ಯಾರಿಗೂ ಗೊತ್ತಾಗಲ್ಲ!”

ಸುತ್ತಲಿದ್ದವರು ನಕ್ಕರು. ಹಾಲ್ವರ್ ಪೆಟ್ಟಿಗೆಯಿಂದ ತೋಟಾ ತೆಗೆದು ಒಳಗಿಟ್ಟು ಬೋಲ್ಟ್ ದೂಡಿದ. ಅದು ಅರ್ಧಕ್ಕೆ ನಿಂತಿತು. ಈಗ ಅವನು ತಿರುಗಿ ನೋಡುತ್ತಾನೆ, ಎಂಬ್ರಿಕ್‌ನನ್ನು ಕರೆಯುತ್ತಾನೆ.

ಹಾಲ್ವರ್ ಯಾರನ್ನೂ ಕರೆಯಲಿಲ್ಲ. ಅಂಗೈಯ ಬುಡದಿಂದ ಬೋಲ್ಟಿನ ಹಿಡಿಯನ್ನು ಗುದ್ದಿದ. ಮತ್ತೊಮ್ಮೆ ಗುದ್ದಿದ. ಮೂವತ್ತು ವರ್ಷ ದಿಮ್ಮಿ ಎಳೆದ ಕೈ ಅದು. ಹಿಡಿ ಕಿರುಗುಟ್ಟುತ್ತ ಇಳಿದು ಮುಚ್ಚಿಕೊಂಡಿತು. ಅವನು ಕೆನ್ನೆಯನ್ನು ಕೋವಿಯ ಮರಕ್ಕೆ ಒತ್ತಿದ.

ಗುಂಡು ಏಣುಗಳ ನಡುವೆ ಬೆಣೆಯ ಹಾಗೆ ಸಿಕ್ಕಿದೆ. ಓಡಲು ಕೂದಲೆಳೆಯ ಜಾಗವೂ ಇಲ್ಲ. ಹಿಂದೆ ತುಂಬು ಮದ್ದು. ಬೆಂಕಿ ಬಿದ್ದರೆ ಅದು ಮುಂದೆ ಹೋಗುವ ಮೊದಲು ಹಿಂದೆ ಬರುತ್ತದೆ, ಅಲ್ಲಿ ಅಪ್ಪನ ಕಣ್ಣಿದೆ. ಇಷ್ಟೂ ಅವಳಿಗೆ ಒಂದೇ ಸಲಕ್ಕೆ ಕಂಡಿತು. ಅವನ ಬೆರಳು ಕೋವಿಯ ಕುದುರೆಯ ಮೇಲೆ ಮಡಚಿಕೊಳ್ಳುತ್ತಿತ್ತು.

ಆ ಮೈದಾನದಲ್ಲಿ ಒಂದು ಮಾತಿದೆ. ಅದನ್ನು ಯಾರು ಬೇಕಾದರೂ ಕೂಗಬಹುದು, ಮಗುವೇ ಕೂಗಿದರೂ ಎಲ್ಲರೂ ಬೋಲ್ಟ್ ಹಿಂದಕ್ಕೆಳೆದು ಕೋವಿ ಖಾಲಿ ಮಾಡಬೇಕು, ಯಾಕೆ ಎಂದು ಕೇಳುವುದು ಆಮೇಲೆ. ಯೋರುನ್ ಜನರ ನಡುವೆ ದನಿಯೆತ್ತಿದ್ದನ್ನು ಆ ಊರು ಕೇಳಿರಲಿಲ್ಲ.

“ನಿಲ್ಲಿಸಿ!”

ಎಲ್ಲ ಸಾಲಿನಲ್ಲೂ ಬೋಲ್ಟುಗಳು ಹಿಂದೆ ಸರಿದವು. ಹಾಲ್ವರ್ ಒಂದು ಕ್ಷಣ ಹಾಗೇ ಇದ್ದ. ಅಭ್ಯಾಸ ಗೆದ್ದಿತು, ಅವನೂ ಹಿಡಿಯನ್ನು ಎತ್ತಿ ಜಗ್ಗಿದ. ಚಿಪ್ಪು ಮಾತ್ರ ಹೊರಬಂತು, ಬಾಯಿ ತೆರೆದುಕೊಂಡು. ಒಳಗಿದ್ದ ಮದ್ದೆಲ್ಲ ಕೋವಿಯ ಮೈಮೇಲೆ, ಅವನ ಅಂಗಿಯ ತೋಳಿನ ಮೇಲೆ ಕರಿ ಎಳ್ಳಿನ ಹಾಗೆ ಸುರಿಯಿತು. ಗುಂಡು ನಳಿಗೆಯಲ್ಲೇ ಉಳಿದಿತ್ತು.

ಎಂಬ್ರಿಕ್ ಬಗ್ಗಿ ನೋಡಿದ. ಕೋವಿಯನ್ನು ಎತ್ತಿಕೊಂಡು, ಕಡ್ಡಿ ಹಾಕಿ ಮೆಲ್ಲಗೆ ತಟ್ಟಿದ. ಗುಂಡು ಅವನ ಅಂಗೈಗೆ ಬಿತ್ತು. ಅದರ ಹೆಗಲ ಸುತ್ತ ಹರಿತವಾದ ಹೊಸ ಕಚ್ಚುಗಳು. ಅವನು ಈಗ ತಮಾಷೆ ಮಾಡಲಿಲ್ಲ.

“ಇದು ಯಾವ ಲೆಕ್ಕದ ತೋಟಾ?”

“ಹುಡುಗಿ ತಪ್ಪು ಅಳೆದಿದಾಳೆ,” ಹಾಲ್ವರ್ ಮದ್ದು ಕೊಡವುತ್ತ ಎದ್ದ. “ಮೂರು ದಿನದಿಂದ ಮಂಕಾಗಿದಾಳೆ. ಅರ್ಧಕ್ಕೆ ಶಾಲೆ ಬಿಟ್ಟವಳ ಕೈಗೆ ಇಂಥದ್ದು ಕೊಟ್ರೆ ಇನ್ನೇನಾಗುತ್ತೆ? ತಪ್ಪು ನಂದೇ.”

ಎಲ್ಲರೂ ಅವಳ ಕಡೆ ತಿರುಗಿದರು. ಯೋರುನ್‌ಗೆ ಕಿವಿ ಬಿಸಿಯಾಯಿತು. ನೆಲ ನೋಡಿದಳು. ನೆಲ ನೋಡುತ್ತಲೇ ಹೇಳಿದಳು, “ನಾನು ತಪ್ಪು ಅಳೆದಿಲ್ಲ.”

“ಬಾಯ್ಮುಚ್ಚು.”

“ಹೋದ ವರ್ಷದ್ದೇ ಅಳತೆ. ಹೋದ ವರ್ಷದ ನಳಿಗೆಗೆ ಇದು ಕೂರ್ತಿತ್ತು.”

ಎಂಬ್ರಿಕ್ ಗುಂಡನ್ನು ಬೆರಳುಗಳ ನಡುವೆ ತಿರುಗಿಸಿದ. ಅವನೂ ತನ್ನ ತೋಟಾ ತಾನೇ ತುಂಬುವವನು. “ಹಾಲ್ವರ್, ನಿನ್ನ ನಳಿಗೆ ಗಂಟಲು ಸುಟ್ಟು ಬಾವಿ ಆಗಿತ್ತು. ನೀನೇ ಗೊಣಗ್ತಿದ್ದೆ. ಅದು ವಾಪಸ್ ಬೆಳೀತಾ?”

ಗುಡಿಸಲಿನಿಂದ ಸುಟ್ಟ ಹಿಟ್ಟಿನ ವಾಸನೆ ಬರುತ್ತಿತ್ತು. ಅಸ್ಲಾಕ್ ಕೈಯಲ್ಲಿ ಸೌಟು ಹಿಡಿದುಕೊಂಡೇ ಬಂದು ನಿಂತಿದ್ದ, ಸೌಟಿನಿಂದ ಹಿಟ್ಟು ಬೂಟಿನ ಮೇಲೆ ತೊಟ್ಟಿಕ್ಕುತ್ತಿತ್ತು.

“ಅಣ್ಣಾ,” ಎಂದ. “ಹಳೇ ನಳಿಗೆ ಎಲ್ಲಿ?”

ಹಾಲ್ವರ್ ಕೋವಿಗೆ ಕೈ ಚಾಚಿದ. ಎಂಬ್ರಿಕ್ ಕೊಡಲಿಲ್ಲ. “ಇದು ನಾಳೆವರೆಗೂ ನನ್ನ ಹತ್ರ ಇರ್ಲಿ.” ಹಾಲ್ವರ್ ಚಾಚಿದ ಕೈಯನ್ನು ಹಾಗೇ ಜೇಬಿಗಿಳಿಸಿ ಕಾರಿನತ್ತ ನಡೆದ. ಬಾಗಿಲು ತೆರೆದು, ತಿರುಗದೆ ಕರೆದ.

“ಯೋರುನ್. ಬಾ.”

“ಹೋಗ್ಬೇಡ ಮಗಳೇ,” ಅಸ್ಲಾಕ್ ಅವಳ ತೋಳು ಹಿಡಿದ. “ಈಗ ಅವನ ಜೊತೆ ಹೋಗ್ಬೇಡ.”

ಅಪ್ಪ ಒಬ್ಬನೇ ಹೋದರೆ ಏನಾಗಬಹುದು ಎಂದು ಯೋರುನ್ ಯೋಚಿಸಿದಳು. ತಾನು ಹೋದರೆ ಏನಾಗಬಹುದು ಎಂದೂ ಯೋಚಿಸಿದಳು. ಚಿಕ್ಕಪ್ಪನ ಕೈ ಬಿಡಿಸಿಕೊಂಡು ಕಾರು ಹತ್ತಿದಳು.

ದಾರಿಯ ಎರಡೂ ಕಡೆ ಕಾಡು. ಹಾಲ್ವರ್ ಎಂದಿನದಕ್ಕಿಂತ ನಿಧಾನವಾಗಿ ಓಡಿಸುತ್ತಿದ್ದ, ಅದೇ ಹೆದರಿಕೆ ಹುಟ್ಟಿಸುತ್ತಿತ್ತು.

“ಯಾವತ್ತು ಗೊತ್ತಾಯ್ತು?”

“ಗುರುವಾರ.”

“ಗಿಡ್ಡ ಮಾಡಬಹುದಿತ್ತು.”

“ಹೂಂ.”

“ಮಾಡ್ಲಿಲ್ಲ.” ತಿರುವಿನಲ್ಲಿ ಗೇರು ಇಳಿಸಿದ. “ಹಂಗಾದ್ರೆ ಕೂಗಿದ್ಯಾಕೆ? ಬಿಟ್ಟಿದ್ರೆ ಅಲ್ಲೇ ಮುಗೀತಿತ್ತು.”

“ಕೋವಿ ಸಿಡಿದು ಮುಖ ಹೋಗ್ತಿತ್ತು.”

“ನಂದಲ್ವಾ?”

“ನಿಂದೇ,” ಎಂದಳು. ಆಗ ಅವಳಿಗೆ ಅಳು ಬಂತು.

ಮನೆಯ ದಾರಿಗೆ ತಿರುಗಬೇಕಾದಲ್ಲಿ ಅವನು ತಿರುಗಲಿಲ್ಲ. ಗ್ರೋನಾ ಹೊಳೆಯ ಹಳೇ ಮರದ ಸೇತುವೆಯ ಬಳಿ ಕಾರು ನಿಲ್ಲಿಸಿ ಇಂಜಿನ್ ಆರಿಸಿದ. ಅಲ್ಲಿಗೆ ಮೀನು ಹಿಡಿಯುವವರು ಬಿಟ್ಟರೆ ಯಾರೂ ಬರುವುದಿಲ್ಲ. ಅವನು ಎರಡೂ ಕೈಗಳನ್ನು ಸ್ಟೇರಿಂಗ್ ಮೇಲಿಟ್ಟುಕೊಂಡು ನೀರನ್ನೇ ನೋಡಿದ. ಯೋರುನ್‌ಳ ಕೈ ಬಾಗಿಲ ಹಿಡಿಯ ಮೇಲಿತ್ತು.

“ಮಂಜಲ್ಲಿ ಏನೋ ಕಂದು ಬಣ್ಣ ಅಲ್ಲಾಡ್ತು. ಹೊಡೆದೆ. ಅವಳ ಕೋಟು,” ಎಂದ. “ಹೇಳೋಣ ಅಂತ ಬಾಯಿ ತೆಗೆಯೋದ್ರೊಳಗೆ ಅಸ್ಲಾಕ್ ಹೇಳ್ಬಿಟ್ಟ. ನಾನು ಸುಮ್ನಾದೆ. ಒಂದ್ಸಲ ಸುಮ್ನಾದ್ಮೇಲೆ ಮತ್ತೆ ಮಾತಾಡೋದು ಹೆಂಗೆ ಅಂತ ಯಾರೂ ಹೇಳ್ಕೊಡಲ್ಲ.”

ಅವನು ಇಳಿದ. ದಡದಲ್ಲಿ ಕುಳಿತು ಬೂಟು ಬಿಚ್ಚಿದ, ಕಾಲುಚೀಲ ಬಿಚ್ಚಿ ಬೂಟಿನೊಳಗೆ ತುರುಕಿದ, ಪ್ಯಾಂಟಿನಲ್ಲೇ ಹೊಳೆಗಿಳಿದ. ಹಿಮ ಕರಗಿ ಬಂದ ನೀರು ಬೇಸಿಗೆಯಲ್ಲೂ ಮೂಳೆ ಕೊರೆಯುತ್ತದೆ. ಮೊಣಕಾಲು, ತೊಡೆ, ಸೊಂಟ. ಯೋರುನ್ ದಡಕ್ಕೆ ಓಡಿಬಂದಳು.

“ಅಪ್ಪ, ಬೇಡ. ವಾಪಸ್ ಬಾ.”

ಅವನು ತಿರುಗಲಿಲ್ಲ. ಸೇತುವೆಯ ಕಂಬದ ಹತ್ತಿರ ಬಗ್ಗಿ, ಮುಖ ಮುಳುಗುವವರೆಗೆ ಕೈ ಇಳಿಸಿ, ಕಲ್ಲುಗಳ ನಡುವೆ ತಡಕಾಡಿದ. ಒಮ್ಮೆ ಪೂರ್ತಿ ಮುಳುಗಿದ. ನೀರು ಅವನ ಮೇಲೆ ಮುಚ್ಚಿಕೊಂಡು, ಏನೂ ಆಗದ ಹಾಗೆ ಹರಿಯಿತು. ಮತ್ತೆ ಎದ್ದ. ಕೈಯಲ್ಲಿ ಉದ್ದನೆಯ ಉಕ್ಕಿನ ಕೊಳವೆ, ಅದರ ಬಾಯಿಂದ ಕೆಸರು ನೀರು ಸೋರುತ್ತಿತ್ತು.

ಅಲ್ಲೇ ನಿಂತ. ಹಲ್ಲು ಕಟಕಟ ಎನ್ನುತ್ತಿತ್ತು.

“ಫೋನ್ ತೆಗಿ. ಮೊದ್ಲು ಅಸ್ಲಾಕ್‌ಗೆ ಮಾಡು. ಆಮೇಲೆ ಪೊಲೀಸರಿಗೆ.”

“ನೀನು ಮೇಲೆ ಬಾ, ಆಮೇಲೆ ಮಾಡ್ತೀನಿ.”

“ಈಗ್ಲೇ ಮಾಡು,” ಎಂದ ಹಾಲ್ವರ್. ಅವನ ಕಣ್ಣು ಹೊಳೆಯ ನಡುವಿನ ಕಪ್ಪು ಮಡುವಿನ ಮೇಲಿತ್ತು, ಒಂದೆರಡು ಮಾರು ಆಚೆಗೆ; ಅಲ್ಲಿ ಎಸೆದರೆ ಯಾವ ಕೈಗೂ ಸಿಗುವುದಿಲ್ಲ. “ನಾನು ಮೇಲೆ ಬಂದ್ರೆ ಮನಸ್ಸು ಬದಲಾಗುತ್ತೆ.”

ಯೋರುನ್ ಚಿಕ್ಕಪ್ಪನ ಹೆಸರು ಒತ್ತಿದಳು. ಫೋನ್ ರಿಂಗಾಗುತ್ತಿತ್ತು. ಅಪ್ಪ ಸೊಂಟದವರೆಗಿನ ನೀರಿನಲ್ಲಿ ನಳಿಗೆಯನ್ನು ಎದೆಗೊತ್ತಿ ಹಿಡಿದು ನಿಂತೇ ಇದ್ದ. ಅವಳು ಅವನಿಂದ ಕಣ್ಣು ಕೀಳಲಿಲ್ಲ. ಅತ್ತ ಕಡೆಯಿಂದ “ಮಗಳೇ, ಎಲ್ಲಿದೀಯ?” ಎಂಬ ದನಿ ಬಂತು. ಅವಳು ಹೇಳಲು ಶುರುಮಾಡಿದಳು.